ಒರ್ನೆಲ್ಲಾ ಕಟ್ಟಿದ ಕೆಂಪು ಲಾಡಿಗಳು

ಒರ್ನೆಲ್ಲಾ ಗಂಡನನ್ನು ಆರಿಸುವಾಗಲೂ ಅಷ್ಟು ಯೋಚಿಸಿದವಳಲ್ಲ. ಆ ಗಂಡ ಎರಡೇ ಚಳಿಗಾಲಕ್ಕೆ ಬಿಟ್ಟುಹೋದ, ಅದು ಬೇರೆ ಮಾತು. ಊರು ಆರಿಸುವಾಗ ಮಾತ್ರ ಅಳೆದೂ ಸುರಿದೂ ನೋಡಿದ್ದಳು. ಹುಟ್ಟಿದ ಫೆರಾರಾದಲ್ಲಿ ನೆಲ ಲಟ್ಟಿಸಿಟ್ಟ ರೊಟ್ಟಿಯಷ್ಟು ಚಪ್ಪಟೆ. ಬಂಡೆ ಹತ್ತುವ ಹುಚ್ಚು ಹಿಡಿದವಳಿಗೆ ಅದೂ ಒಂದು ಊರೇ? ಶಮೋನಿಯಲ್ಲಿ ಬಾಡಿಗೆ ಕೇಳಿದರೇ ತಲೆ ತಿರುಗುತ್ತಿತ್ತು. ಕೊರ್ತೀನಾದಲ್ಲಿ ಅರ್ಧ ವರ್ಷ ಹಿಮ. ಲೆಕ್ಕೋದಲ್ಲಿ ಮಳೆ ಹಿಡಿಯಿತೆಂದರೆ ಬಿಡುವ ಮಾತಿಲ್ಲ. ಕೊನೆಗೆ ಆರ್ಕೋಗೆ ಬಂದಳು. ಜನವರಿಯಲ್ಲೂ ಇಲ್ಲಿ ಬಂಡೆಗೆ ಬಿಸಿಲು, ಬುಡದಲ್ಲಿ ಆಲಿವ್ ಮರ, ಮಧ್ಯಾಹ್ನವಾದರೆ ಸರೋವರದ ಕಡೆಯಿಂದ ಗಾಳಿ. ಚರ್ಚಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು, ಬಂಡೆ ಹತ್ತುವವರ ಸವೆದ ಬೂಟುಗಳಿಗೆ ಹೊಸ ಅಟ್ಟೆ ಹಾಕಿಕೊಡುವ ಅಂಗಡಿ ಇಟ್ಟಳು. ಬೆಳಿಗ್ಗೆ ಬಂಡೆ, ಸಂಜೆ ಅಂಟು ಮತ್ತು ರಬ್ಬರು. ಬೇರೇನೂ ಬೇಕೆಂದು ಆಕೆಗೆ ಅನ್ನಿಸಲೇ ಇಲ್ಲ.

ಆರ್ಕೋದ ಬಂಡೆಗಳಿಗೆ ಒಂದು ಕಟ್ಟಳೆಯುಂಟು. ಯಾರು ಮೇಲಿನಿಂದ ಹಗ್ಗದಲ್ಲಿ ಇಳಿದು, ಕಲ್ಲು ಕೊರೆದು, ಬೋಲ್ಟು ಹೊಡೆದು ಹೊಸ ದಾರಿ ಮಾಡುತ್ತಾರೋ ಅವರು ಕೆಳಗಿನ ಬೋಲ್ಟಿಗೆ ಒಂದು ಕೆಂಪು ಲಾಡಿ ಕಟ್ಟುತ್ತಾರೆ. ಲಾಡಿ ಇರುವತನಕ ಬೇರೆಯವರು ಆ ದಾರಿ ಮುಟ್ಟುವ ಹಾಗಿಲ್ಲ. ಮಾಡಿದವರೇ ಒಮ್ಮೆಯೂ ಬೀಳದೆ ತುದಿ ಮುಟ್ಟಬೇಕು, ಆಮೇಲೆ ಹೆಸರಿಡಬೇಕು. ಕೈಲಾಗದು ಅನ್ನಿಸಿದರೆ ತಾವೇ ಲಾಡಿ ಬಿಚ್ಚಬೇಕು. ಬಿಚ್ಚಿದ ಮೇಲೆ ದಾರಿ ಎಲ್ಲರದ್ದು. ಪೊಲೀಸಿಲ್ಲ, ಕೋರ್ಟಿಲ್ಲ. ಆದರೆ ಲಾಡಿ ಮೀರಿದವರು ಬಿದ್ದರೆ ತಡೆಯಲು ಕೆಳಗೆ ನಿಂತು ಹಗ್ಗ ಹಿಡಿಯಲು ಆರ್ಕೋದಲ್ಲಿ ನಾಯಿಯೂ ಬರುವುದಿಲ್ಲ.

ಹಳದಿ ಗೋಡೆ ಎಂದು ಕರೆಯುವ ಬಂಡೆಯ ಮೇಲೆ ಒರ್ನೆಲ್ಲಾಳದೂ ಒಂದು ದಾರಿಯಿತ್ತು. ವರ್ಷಗಳಿಂದ ಹತ್ತುತ್ತಿದ್ದಳು, ವರ್ಷಗಳಿಂದ ಬೀಳುತ್ತಿದ್ದಳು, ಅದೂ ಒಂದೇ ಜಾಗದಲ್ಲಿ. ಮೇಲೆ ಬಂಡೆ ಹೊಟ್ಟೆಯಂತೆ ಉಬ್ಬಿರುವ ಕಡೆ ಎರಡು ಬೆರಳಷ್ಟೇ ಹಿಡಿಸುವ ತೂತು. ಅದು ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಜಾರುತ್ತಿತ್ತು. ಕೆಳಗೆ ಹಗ್ಗ ಹಿಡಿಯುತ್ತಿದ್ದವನು ಎಲ್ವಿಯೊ. ಗಾರೆ ಕೆಲಸದವನು, ಹೆಂಡತಿ ತೀರಿಕೊಂಡವನು, ಮಾತು ಕಮ್ಮಿ. ಆಕೆ ಬಿದ್ದಾಗಲೆಲ್ಲ "ಇನ್ನೊಂದ್ಸಲ" ಅನ್ನುತ್ತಿದ್ದ, ಅಷ್ಟೇ. ಲಾಡಿ ಬಿಸಿಲಿಗೆ ಬಣ್ಣ ಬಿಟ್ಟು ಹಂದಿಮರಿಯ ಕಿವಿಯಂತೆ ನಸುಗೆಂಪಾಗಿತ್ತು. ದಾರಿಗೆ ಇಡಬೇಕಾದ ಹೆಸರನ್ನು ಆಕೆ ಎಲ್ವಿಯೊಗೂ ಹೇಳದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಆ ವಸಂತದಲ್ಲಿ ತೂರಿನ್‌ನಿಂದ ಸ್ವೇವಾ ಬಂದಳು. ಇಪ್ಪತ್ತಾರರ ಹುಡುಗಿ, ಒಂದು ಹಳೇ ವ್ಯಾನು, ತುಂಬಾ ನಗು. ನೆಲೆಸಲು ಬೆಟ್ಟದ ಊರು ಹುಡುಕುತ್ತಿದ್ದಳು. ನೇರ ಅಂಗಡಿಗೇ ಬಂದು ಬೂಟು ಮೇಜಿನ ಮೇಲಿಟ್ಟು, "ನಿನ್ನನ್ನೇ ಕೇಳು ಅಂದ್ರು. ಆರ್ಕೋದಲ್ಲಿರ್ಲೋ ಲೆಕ್ಕೋಗೆ ಹೋಗ್ಲೋ?" ಅಂದಳು. ಬಂಡೆಯವರಲ್ಲಿ ಬಹುವಚನ ಇಲ್ಲ, ಸರಿ. ಆದರೂ ಆ "ನೀನು" ಒರ್ನೆಲ್ಲಾಳ ಕಿವಿಗೆ ಚುಚ್ಚಿತು.

"ಇಲ್ಲೇನಿದೆ ಮಣ್ಣು! ಬೇಸಿಗೆಯಲ್ಲಿ ಜರ್ಮನಿಯವ್ರ ಜಾತ್ರೆ. ಬಂಡೆ ಎಲ್ಲಾ ಸವೆದು ಸೋಪಿನ ಹಾಗಾಗಿದೆ. ಆ ಗಾಳಿಗೆ ತಲೆನೋವು ಬೇರೆ. ಲೆಕ್ಕೋಗೆ ಹೋಗು ತಾಯಿ, ನಿನ್ನ ವಯಸ್ಸಿಗೆ ಅದೇ ಸರಿ."

"ಮತ್ತೆ ನೀನ್ಯಾಕೆ ಇಷ್ಟು ವರ್ಷ ಇಲ್ಲೇ ಇದ್ದೀಯ?"

"ನಂಗೆ ಬೇರೆ ಗತಿ ಇಲ್ಲ" ಅಂದಳು ಒರ್ನೆಲ್ಲಾ, ಮುಖ ಎತ್ತದೆ.

ಹುಡುಗಿ ಹೋಗಲಿಲ್ಲ. ಒಂದೇ ವಾರದಲ್ಲಿ ಊರಿನ ಗಟ್ಟಿ ದಾರಿಗಳನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಹತ್ತಿ ಇಳಿದಳು. ಬಾರಿನಲ್ಲಿ ಗಂಡಸರು ಆಕೆಗಾಗಿ ಕುರ್ಚಿ ಎಳೆದದ್ದೇ ಎಳೆದದ್ದು. ಅದನ್ನಾದರೂ ಒರ್ನೆಲ್ಲಾ ನುಂಗಿಕೊಂಡಾಳು. ಒಂದು ಬೆಳಿಗ್ಗೆ ಗೋಡೆಯ ಬುಡಕ್ಕೆ ಬಂದು ನೋಡುತ್ತಾಳೆ, ಆ ಹುಡುಗಿಯ ಹಗ್ಗ ಎಲ್ವಿಯೊನ ಕೈಯಲ್ಲಿ! ಮೇಲೆ ನೋಡುತ್ತ ಹಲ್ಲು ಕಿರಿಯುತ್ತಿದ್ದ ಬೇರೆ. ಇಷ್ಟು ವರ್ಷದಲ್ಲಿ ತನ್ನನ್ನು ನೋಡಿ ಹಾಗೆ ಹಲ್ಲು ಕಿರಿದದ್ದು ಆಕೆಗೆ ನೆನಪಿಲ್ಲ. ಗಂಡ ಬಿಟ್ಟುಹೋದಾಗಲೂ ಅಷ್ಟು ಹೊಟ್ಟೆ ಉರಿದಿರಲಿಲ್ಲ.

"ಏನಯ್ಯಾ, ಹೊಸ ಪ್ರಾಯ ಬಂತಾ?"

"ಒರ್ನೆಲ್ಲಾ, ನೋಡೇ ಅವಳ ಕಾಲು! ಕಾಲಿಡೋದು ನೋಡು!" ಅಂದ ಪುಣ್ಯಾತ್ಮ. ಚುಚ್ಚಿದ್ದು ಅವನಿಗೆ ತಾಕಲೇ ಇಲ್ಲ.

ಅಂದು ಸಂಜೆ ಬಾರಿನಲ್ಲಿ ಸ್ವೇವಾ ಹೇಳಿದ್ದು ಒರ್ನೆಲ್ಲಾಳ ಕಿವಿಗೆ ಬಿತ್ತು. "ಹತ್ತಿದ್ದನ್ನೇ ಹತ್ತೋಕೆ ಊರು ಯಾಕೆ ಬೇಕು? ಇನ್ನೂ ಯಾರೂ ಹತ್ತದೇ ಇರೋ ದಾರಿ ಇದ್ರೆ ಇರ್ತೀನಿ. ಇಲ್ಲಾಂದ್ರೆ ಲೆಕ್ಕೋ."

ಹತ್ತದ ದಾರಿಗಳಿಗೇನು ಕಮ್ಮಿ! ಯಾರೋ ಯಾವ ಕಾಲದಲ್ಲೋ ಬೋಲ್ಟು ಹೊಡೆದು, ಸೋತು, ಲಾಡಿ ಬಿಚ್ಚಿ ಬಿಟ್ಟುಹೋದವು ಬೇಕಾದಷ್ಟಿದ್ದವು. ಒರ್ನೆಲ್ಲಾ ಮಾರನೆಯ ದಿನ ರೊವೆರೇತೋಗೆ ಬಸ್ಸು ಹತ್ತಿ ಹೋಗಿ ಒಂದು ಉಂಡೆ ಕೆಂಪು ಲಾಡಿ ತಂದಳು. ಆರ್ಕೋದಲ್ಲಿ ಕೊಂಡರೆ ಗುರುತು ಸಿಕ್ಕೀತಲ್ಲ! ಅದರ ಮರುದಿನ ನಸುಕಿನಲ್ಲಿ ಬಂಡೆಯಿಂದ ಬಂಡೆಗೆ ಓಡಾಡಿ, ಬಿಟ್ಟುಹೋದ ಪ್ರತಿ ದಾರಿಗೂ ಕಟ್ಟಿದಳು. ಈಗ ಹತ್ತು ನೋಡೋಣ, ಅಂದುಕೊಂಡಳು. ಕೊನೆಗೆ ಹಳದಿ ಗೋಡೆಗೆ ಬಂದಾಗ ತನ್ನ ಲಾಡಿಯನ್ನು ನೋಡಿ ಪಿಚ್ಚೆನ್ನಿಸಿತು. ಸುಳ್ಳು ಲಾಡಿಗಳೆಲ್ಲ ಕೆಂಡದಂತೆ ಹೊಳೆಯುವಾಗ ನಿಜವಾದದ್ದು ಬಡಪಾಯಿಯಂತೆ ಜೋತು ಬಿದ್ದಿರಬೇಕೆ? ಹಳೆಯದನ್ನು ಬಿಚ್ಚಿ ಜೇಬಿಗೆ ತುರುಕಿ, ಹೊಸದನ್ನು ಕಟ್ಟಿದಳು.

ಊರಿಗೆ ಊರೇ ರೇಗಿತು. ಮಾಡದ ದಾರಿಗೆ ಲಾಡಿ ಕಟ್ಟುವುದೆಂದರೆ ಇಲ್ಲಿ ಅದಕ್ಕಿಂತ ಹೇಸಿಗೆಯ ಕೆಲಸ ಇನ್ನೊಂದಿಲ್ಲ. ಎಲ್ಲರ ಕಣ್ಣೂ ಹೊಸದಾಗಿ ಬಂದವಳ ಮೇಲೆ.

"ಬಂದು ತಿಂಗಳಾಗಿಲ್ಲ, ಆಗ್ಲೇ ಊರೆಲ್ಲಾ ನಿಂದಾ?" ಎಂದು ಬಾರಿನ ಮಾಲೀಕನೇ ಎಗರಿದ.

ಸ್ವೇವಾ ಎದ್ದು ನಿಂತಳು. "ನಾನು ಕಟ್ಟಿಲ್ಲ. ಆದ್ರೆ ನಿಮಗೆ ನನ್ ಮೇಲೆ ಅನುಮಾನ ಇದ್ರೆ, ಬಿಚ್ಚೋದೂ ನಾನೇ ಬಿಚ್ತೀನಿ. ಎಲ್ವಿಯೊ, ನೀನೂ ಜೊತೆಗೆ ಬಾ. ಆಮೇಲೆ ಇನ್ನೊಂದು ಮಾತು ಬರಬಾರದು."

ಮೂಲೆಯಲ್ಲಿ ಕೂತು ಒರ್ನೆಲ್ಲಾ ಎಲ್ಲ ಕೇಳಿಸಿಕೊಂಡಳು. ಒಳಗೊಳಗೇ ಒಂದಿಷ್ಟು ತಣ್ಣಗೂ ಆಯಿತು, ಸುಳ್ಳೇಕೆ ಹೇಳಬೇಕು. ಇಷ್ಟು ಅನ್ನಿಸಿಕೊಂಡ ಮೇಲೆ ಹುಡುಗಿ ಉಳಿಯುವುದುಂಟೆ? ಗಲಾಟೆ ತಣ್ಣಗಾಗಲಿ ಎಂದು ಫೆರಾರಾಕ್ಕೆ ತಂಗಿಯ ಮನೆಗೆ ಹೋಗಿ ಒಂದು ವಾರ ಕೂತಳು.

ವಾಪಸು ಬಂದವಳು ಬಾರಿನ ಬಾಗಿಲು ತಳ್ಳಿದರೆ, ಒಳಗೆ ಚಪ್ಪಾಳೆ! ಮಾಲೀಕ ಓಡಿ ಬಂದು ಕೈಗೆ ವೈನ್ ಗ್ಲಾಸು ಕೊಟ್ಟ. "ದೊಡ್ಡ ಮನಸ್ಸು ಕಣಮ್ಮಾ ನಿಂದು. ಇಷ್ಟು ವರ್ಷದ ದಾರಿ ಬಿಟ್ಟುಕೊಡೋದಂದ್ರೆ ಸುಮ್ನೆ ಮಾತಾ!"

"ಯಾವ ದಾರಿ?"

"ನೋಡು, ನೋಡು, ಏನೂ ಗೊತ್ತಿಲ್ದೋರ ಹಾಗೆ!" ಎಂದ ಎಲ್ವಿಯೊ. ಅವನ ಕಣ್ಣು ಒದ್ದೆಯಾಗಿತ್ತು. "ಆ ಕಳ್ಳ ಯಾರೋ, ಲಾಡಿ ಇಲ್ಲದೇ ಇರೋ ದಾರಿಗಳಿಗೇ ತಾನೇ ಹೊಸದನ್ನ ಕಟ್ಟಿದ್ದು? ಹಳದಿ ಗೋಡೆಯಲ್ಲೂ ಹೊಸದೇ ಇತ್ತು, ನಿನ್ನ ಹಳೇದು ಇರ್ಲಿಲ್ಲ. ಅಂದ್ರೆ ನೀನು ಮೊದ್ಲೇ ಬಿಚ್ಚಿದ್ದೆ. ಯಾರಿಗೂ ಹೇಳ್ಲಿಲ್ಲ. ನೀನು ಹೇಳ್ಕೊಳೋ ಪೈಕಿ ಅಲ್ಲ, ನಂಗೊತ್ತು. ಸ್ವೇವಾ ಮೂರನೇ ಸಲಕ್ಕೇ ಹತ್ತಿಬಿಟ್ಲು ಒರ್ನೆಲ್ಲಾ! ಹಗ್ಗ ನಾನೇ ಹಿಡಿದಿದ್ದೆ."

ಅದು ನನ್ನ ಲಾಡಿ, ಹೊಸದನ್ನೂ ಕಟ್ಟಿದ್ದು ನಾನೇ ಎಂಬ ಕೂಗು ಒರ್ನೆಲ್ಲಾಳ ನಾಲಿಗೆಯ ತುದಿಯವರೆಗೂ ಬಂತು. ಆದರೆ ಆ ಒಂದು ಹೊಸ ಲಾಡಿ ತನ್ನದು ಅಂದರೆ ಬಂಡೆಗಳ ಮೇಲಿದ್ದ ಅಷ್ಟೂ ಸುಳ್ಳು ಲಾಡಿಗಳು ತನ್ನವೇ ಅನ್ನಬೇಕು. ವೈನ್ ಒಂದು ಗುಟುಕು ಕುಡಿದಳು.

ಸ್ವೇವಾ ಬಂದು ತಬ್ಬಿಕೊಂಡಳು. ಹುಡುಗಿಯ ಮೈಯಿಂದ ಬಂಡೆಯ ಧೂಳಿನ ವಾಸನೆ ಬರುತ್ತಿತ್ತು. "ಹೆಸರು ನೀನೇ ಇಡು. ನಾನು ಇಡೋದು ಸರಿಯಲ್ಲ."

ಹೆಸರು ಗಂಟಲಲ್ಲೇ ಇತ್ತು. ಕೊಡಲಿಲ್ಲ. ಅದನ್ನೂ ಇವಳಿಗೆ ಕೊಟ್ಟು ಕೈತೊಳೆದುಕೊಳ್ಳಬೇಕೆ? "ಹತ್ತಿದವಳು ನೀನು. ನೀನೇ ಇಟ್ಕೋ" ಅಂದಳು.

"ಗೊತ್ತಾ," ಸ್ವೇವಾ ಆಕೆಯ ಕೈ ಬಿಡದೆ ಹೇಳಿದಳು, "ಆ ಲಾಡಿ ಗಲಾಟೆಗೆ ಮೊದ್ಲೇ ನಾನು ಲೆಕ್ಕೋದಲ್ಲಿ ಕೋಣೆ ನೋಡಿ ಆಗಿತ್ತು. ಇಲ್ಲಿ ಬಿಟ್ಟುಹೋದ ದಾರಿಗಳನ್ನೆಲ್ಲಾ ನೋಡಿದ್ದೆ, ಒಂದೂ ಮನಸ್ಸಿಗೆ ಬರ್ಲಿಲ್ಲ. ಆ ಭಾನುವಾರ ಹೊರಡೋದಿತ್ತು, ವ್ಯಾನಿಗೆ ಸಾಮಾನು ಕೂಡ ತುಂಬಿದ್ದೆ. ನಿನ್ನ ದಾರಿ ತೆರೆದಿರೋದು ಕಂಡ ಮೇಲೇ ಇಳಿಸಿದ್ದು. ಇನ್ನು ನಾನು ಆರ್ಕೋದವಳೇ. ನಿನ್ನ ಓಣಿಯಲ್ಲೇ ಮನೆ ಸಿಕ್ಕಿದೆ."

"ಒರ್ನೆಲ್ಲಾಗೆ!" ಎಂದು ಎಲ್ವಿಯೊ ಗ್ಲಾಸು ಎತ್ತಿದ. ಎಲ್ಲರೂ ಎತ್ತಿದರು. ಎಲ್ಲರೂ ತನ್ನನ್ನೇ ನೋಡುತ್ತಿದ್ದುದರಿಂದ ಒರ್ನೆಲ್ಲಾಳೂ ಎತ್ತಿದಳು.