ಸಾರಿನ ಪುಡಿಯ ಜಾಲತಾಣದಲ್ಲಿ ಮಡಿ

ದೇವನಹಳ್ಳಿಯ ವಿಮಾನ ನಿಲ್ದಾಣದ ರಸ್ತೆಯುದ್ದಕ್ಕೂ ಅಪಾರ್ಟ್‌ಮೆಂಟುಗಳು ಏಳುತ್ತಿದ್ದ ವರ್ಷಗಳಲ್ಲಿ, ಅಲ್ಲಿನ ಮನೆಗಳಿಗೆ ಅಮ್ಮನ ಸಾರಿನ ಪುಡಿಯನ್ನು ಮಾರಲೆಂದು ನಾನೊಂದು ಅಗ್ಗದ ಜಾಲತಾಣ ಕಟ್ಟಿದೆ. ಪುಟದ ಮಾದರಿ ಪುಕ್ಕಟೆ ಸಿಕ್ಕಿತ್ತು. ಚಿತ್ರಗಳನ್ನು ಮೊಬೈಲಿನಲ್ಲೇ ತೆಗೆದಿದ್ದೆ. ಪರಿಚಯದ ಸಾಲೊಂದೇ ಬಾಕಿಯಿತ್ತು.

“ಮಡಿಯಲ್ಲಿ ಮಾಡಿದ್ದು ಅಂತ ಹಾಕು. ಎಲ್ರೂ ಹಂಗೇ ಹಾಕ್ತಾರೆ,” ಎಂದಳು ಅಮ್ಮ.

ಆದರೆ ಮೆಣಸಿನಕಾಯಿ ಹುರಿದು ಕುಟ್ಟುತ್ತಿದ್ದವರು ಊರಾಚೆಯ ದಲಿತ ಕೇರಿಯಿಂದ ಬರುತ್ತಿದ್ದ ಹೆಂಗಸು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರ ಕೈಯಿಲ್ಲದೆ ಆ ಪುಡಿಯೇ ಇರಲಿಲ್ಲ.

“ಹಾಗಾದ್ರೆ ಅಕ್ಕನ್ನ ಎಲ್ಲಿ ಬಚ್ಚಿಡ್ಲಿ, ಹೇಳಮ್ಮ?” ಎಂದು ಕೇಳಿದೆ.

ಹಿತ್ತಲಿನಿಂದ ಅಕ್ಕ ನಕ್ಕರು. “ಪೊಟ್ಣದೊಳೀಕೆ ಹಾಕ್ಬುಡವ್ವ! ಪುಡಿ ಜೊತೆ ನಾನೂ ಲಿಫ್ಟ್ ಹತ್ಕಂಡು ಬತ್ತೀನಿ.”

ಅಮ್ಮ ನಗಲಿಲ್ಲ. “ಯಾರೂ ತಗೊಳ್ದೇ ಹೋದ್ರೆ ಎಲ್ಲಾನೂ ನೀನೇ ಉಣ್ಣು,” ಎಂದಳು.

ನಾನು ಮಡಿಯ ಮಾತನ್ನು ಬಿಟ್ಟು ಇಬ್ಬರ ಹೆಸರನ್ನೂ ಹಾಕಿದೆ. ಅಮ್ಮ ಓದಿ ಕಾಫಿ ಕಾಸಲು ಎದ್ದಳು. ಆ ಮಧ್ಯಾಹ್ನವೂ ಅಕ್ಕನಿಗೆ ಕಾಫಿ ಹಿತ್ತಲಿಗೇ ಹೋಯಿತು, ಬೇರೆ ಲೋಟದಲ್ಲಿ. ಪುಟವನ್ನು ತಿದ್ದುವ ಅಧಿಕಾರ ನನಗಿತ್ತು. ಆ ಲೋಟಕ್ಕೆ ಯಾರು ಹೊಣೆ ಎಂದು ಅಮ್ಮನನ್ನು ಇಂದಿಗೂ ಕೇಳುತ್ತಿದ್ದೇನೆ.