ಗಡ್ಡ ಇಲ್ಲದಿದ್ದರೂ ಬನ್ನಿ

ಮೊನ್ನೆ ಸುಬ್ರಹ್ಮಣ್ಯದಲ್ಲಿ ಬಸ್ಸು ನಿಲ್ಲಿಸಿದ ಮೇಲೆ ಹೊರಡಲು ಇನ್ನೂ ಸಮಯವಿತ್ತು. ಹತ್ತಿರದ ಸಣ್ಣ ಸೆಲೂನಿಗೆ ಹೋಗಿ ಕೂತೆ. ಗಡ್ಡ ತೆಗೆದಾದ ಮೇಲೆ ಅಲ್ಲಿಯವನು ಪಟಿಕದ ಕಲ್ಲನ್ನು ನೀರಿಗದ್ದಿ ನನ್ನ ಕೆನ್ನೆಗೆ ಉಜ್ಜಿದ. ಆ ತಣ್ಣನೆಯ ಉರಿ, ಅದರ ಹಿಂದೆಯೇ ಪೌಡರಿನ ವಾಸನೆ… ಮುಚ್ಚಿದ ಕಣ್ಣನ್ನು ಸ್ವಲ್ಪ ಹೊತ್ತು ತೆರೆಯಲಿಲ್ಲ. ಕಡಬದ ಪೇಟೆಯಲ್ಲಿ ಕ್ಷೌರದಂಗಡಿ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಪಕ್ಕದಲ್ಲೇ ನಿಂತಂತಾಯಿತು.

ಆಗಲೂ ನಾನು ಪುತ್ತೂರು–ಸುಬ್ರಹ್ಮಣ್ಯ ನಡುವೆ ಓಡುವ ಖಾಸಗಿ ಬಸ್ಸೊಂದರ ಚಾಲಕನಾಗಿದ್ದೆ. ಮನೆ ಕಡಬದಲ್ಲಿ. ಒಂದು ಮಧ್ಯಾಹ್ನ ಆಲಂಕಾರಿನ ಹತ್ತಿರದ ತಿರುವಿನಲ್ಲಿ ಎದುರಿನಿಂದ ಬಂದ ಬೈಕೊಂದು ಜಾರಿ ನನ್ನ ಬಸ್ಸಿನಡಿಗೆ ಬಂತು. ಸವಾರ ಎಳೆಯ ಪ್ರಾಯದ ಹುಡುಗ. ಉಳಿಯಲಿಲ್ಲ. ನನ್ನದು ತಪ್ಪಿಲ್ಲವೆಂದು ಪ್ರಯಾಣಿಕರು ಹೇಳಿದರು, ಪೊಲೀಸರು ಹೇಳಿದರು. ಕೊನೆಗೆ ಆ ಹುಡುಗನ ತಂದೆಯೂ ಬಂದು ಅದನ್ನೇ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಆಮೇಲೆ ಸ್ಟಿಯರಿಂಗ್ ಹಿಡಿದರೆ ಕೈ ನಡುಗುತ್ತಿತ್ತು. ರಜೆ ಹಾಕಿ ಮನೆಯಲ್ಲಿ ಮಲಗಿದೆ. ಮಗಳು ಶಾಲೆಗೆ ಹೋಗುತ್ತಿದ್ದಳು, ಹೆಂಡತಿ ಅಂಗನವಾಡಿ ಕೆಲಸಕ್ಕೆ. ಬೆಳಿಗ್ಗೆ ಅವಳು ಮುಚ್ಚಿಟ್ಟ ತಿಂಡಿ ಸಂಜೆ ಬರುವಾಗಲೂ ಮುಚ್ಚಿಯೇ ಇರುತ್ತಿತ್ತು. ಸ್ನಾನವಿಲ್ಲ, ಬಟ್ಟೆ ಬದಲಿಸುವುದಿಲ್ಲ. ಅಪಘಾತದ ಜಾಗದಲ್ಲಿ ಯಾರೋ ವಿಡಿಯೋ ತೆಗೆದು ವಾಟ್ಸಾಪಿನಲ್ಲಿ ಬಿಟ್ಟಿದ್ದರು. ಹೊದಿಕೆಯೊಳಗೆ ಅದನ್ನೇ ಮತ್ತೆ ಮತ್ತೆ ನೋಡುತ್ತಿದ್ದೆ.

ಹೆಂಡತಿಯ ಅಣ್ಣನ ಮದುವೆ ಹತ್ತಿರ ಬಂತು. ಈ ಮುಖ ಇಟ್ಟುಕೊಂಡು ನನ್ನ ತವರಿಗೆ ಬರಬೇಡಿ ಎಂದು ಹೆಂಡತಿ ಹಟ ಹಿಡಿದದ್ದರಿಂದ ಕ್ಷೌರದಂಗಡಿಗೆ ಹೋದೆ. ಊರಿನವರೆಲ್ಲ ಸಿಕ್ಕಿದಲ್ಲಿ ಅಪಘಾತದ ಸುದ್ದಿ ಕೇಳುತ್ತಿದ್ದರು. ಈ ಹಿರಿಯರು ಒಂದು ಮಾತೂ ಕೇಳಲಿಲ್ಲ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ನನ್ನ ಮುಖದ ಮೇಲಿಟ್ಟು ಮೆಲ್ಲಗೆ ಒತ್ತಿದರು. ಅಷ್ಟಕ್ಕೇ ನನಗೆ ಅಳು ಬಂತು. ಸಾಬೂನಿನ ನೊರೆಯ ಮೇಲೆ ಕಣ್ಣೀರು ಇಳಿಯುವುದನ್ನು ನೋಡಿ ಅವರು ಕತ್ತಿಯನ್ನು ಹಿಂದೆ ತೆಗೆದು, ಅಳು ನಿಲ್ಲುವವರೆಗೆ ಕಾದರು. ಮುಗಿದ ಮೇಲೆ ನಾಳೆಯೂ ಬರಬೇಕೆಂದರು.

"ನಾಳೆಗೆ ಗಡ್ಡ ಎಲ್ಲಿರ್ತದೆ?" ಎಂದೆ.

"ಗಡ್ಡ ಇಲ್ಲದಿದ್ರೂ ಬನ್ನಿ ಮಾರಾಯ್ರೆ. ಮಿಂದು ಬನ್ನಿ."

ಯಾಕೆ ಹೋದೆನೋ… ಮರುದಿನ ಮಿಂದು ಹೋದೆ. ಎಂತ ತಿಂದದ್ದೆಂದು ಕೇಳಿದರು. ಏನೂ ಇಲ್ಲವೆಂದದ್ದಕ್ಕೆ ಪಕ್ಕದ ಹೋಟೆಲಿಗೆ ಕಳಿಸಿದರು. ತಿಂದು ಬರುವವರೆಗೆ ನನ್ನನ್ನು ಕುರ್ಚಿಯಲ್ಲಿ ಕೂರಲು ಬಿಡಲಿಲ್ಲ. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಬೆಳಿಗ್ಗೆ ಮೀಯುವುದು, ಏನಾದರೂ ತಿನ್ನುವುದು, ಪೇಟೆಯವರೆಗೆ ಬಿಸಿಲಿನಲ್ಲಿ ನಡೆಯುವುದು, ಅಂಗಡಿಯ ಬೆಂಚಿನಲ್ಲಿ ನಾಲ್ಕು ಜನರ ಮಾತಿನ ನಡುವೆ ಕೂರುವುದು. ಪೇಪರಿನಲ್ಲಿ ಅಪಘಾತದ ಸುದ್ದಿಯಿದ್ದರೆ ಆ ಪುಟವನ್ನು ಅವರು ಒಳಗೆ ಮಡಚಿ ಕೊಡುತ್ತಿದ್ದರು. ಒಮ್ಮೆ ನಾನು ಮೂಲೆಯಲ್ಲಿ ಫೋನು ಹಿಡಿದು ಅದೇ ವಿಡಿಯೋ ನೋಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತು, ಅಳಿಸುತ್ತೀರಾ ಎಂದು ಕೇಳಿದರು. ಅಳಿಸುವವರೆಗೆ ಏಳಲಿಲ್ಲ.

ಅವರೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಎಲ್ಲರ ಎದುರಿಗೇ. ಹೊಸ ಗಿರಾಕಿಯೊಬ್ಬರು ಬಿಪಿಯದ್ದಾ ಎಂದು ವಿಚಾರಿಸಿದಾಗ, "ಅಲ್ಲ, ಮನಸ್ಸಿಂದು," ಎಂದು ನೀರು ಕುಡಿದು ಮತ್ತೆ ಕತ್ತರಿ ಹಿಡಿದರು. ನಾನು ಬೆರಗಾಗಿ ನೋಡಿದೆ. ಆ ಗಿರಾಕಿ ಹೋದ ಮೇಲೆ ಅವರಾಗಿಯೇ ಹೇಳಿದರು. ಹೆಂಡತಿ ತೀರಿಹೋದ ವರ್ಷ ಮಳೆಗಾಲ ಪೂರ್ತಿ ಅಂಗಡಿ ತೆರೆದಿರಲಿಲ್ಲವಂತೆ. ಅಕ್ಕ ಬಂದು ಬಲವಂತದಿಂದ ಮೀಯಿಸಿ, ಉಣ್ಣಿಸಿ, ಡಾಕ್ಟರಲ್ಲಿಗೆ ಕರೆದುಕೊಂಡು ಹೋದರಂತೆ.

"ಮೀಯುದು, ತಿನ್ನುದು, ಜನರ ಹತ್ರ ಮಾತಾಡುದು, ಅದರಲ್ಲಿ ಸ್ವಲ್ಪ ಹೋಗ್ತದೆ. ಉಳಿದದ್ದು ನನಗೆ ಗೊತ್ತಿಲ್ಲ, ಡಾಕ್ಟ್ರಿಗೆ ಗೊತ್ತುಂಟು," ಎಂದರು. ಮತ್ತೆ ಸ್ವರ ತಗ್ಗಿಸಿ ಕೇಳಿದರು, "ನಿಮಗೆ ಸಾಯುವ ಯೋಚನೆ ಬರ್ತದಾ?"

ಅದುವರೆಗೆ ಯಾರೂ ನನ್ನನ್ನು ಹಾಗೆ ನೇರವಾಗಿ ಕೇಳಿರಲಿಲ್ಲ. ಬರುತ್ತದೆ ಎಂದೆ. ಹೇಳಿಬಿಟ್ಟ ಮೇಲೆ ಎದೆಯಿಂದ ಏನೋ ಇಳಿದಂತಾಯಿತು.

"ಹಾಗಾದ್ರೆ ನಾಳೆ ಪುತ್ತೂರಿಗೆ ಡಾಕ್ಟ್ರಲ್ಲಿಗೆ ಹೋಗುವ. ನಾನೂ ಬರ್ತೇನೆ. ಇವತ್ತು ಮನೆಯಲ್ಲಿ ಹೆಂಡತಿಗೆ ಹೇಳ್ಬೇಕು ನೀವು."

ಅಂಗಡಿ ಮುಚ್ಚಿ ನನ್ನ ಜೊತೆ ಮನೆಯವರೆಗೂ ಬಂದರು. ನಾನು ಹೆಂಡತಿಗೆ ಹೇಳುವಾಗ ಅವರು ಜಗಲಿಯಲ್ಲಿ ಕೂತಿದ್ದರು.

ಮರುದಿನ ಹೊರಟೆವು. ರಜೆ ಹಾಕಿದ ಮೇಲೆ ಆ ದಾರಿಯ ಬಸ್ಸನ್ನು ನಾನು ಹತ್ತಿದ್ದು ಅದೇ ಮೊದಲು. ಕಿಟಕಿಯ ಪಕ್ಕ ಅವರು ಕೂತು ನನ್ನನ್ನು ಈಚೆ ಕೂರಿಸಿದರು. ಆಲಂಕಾರು ಹತ್ತಿರವಾದಂತೆ ನನ್ನ ಬೆನ್ನು ಬೆವರಿತು, ಎದುರಿನ ಕಂಬಿಯನ್ನು ಬಿಗಿಯಾಗಿ ಹಿಡಿದೆ. ಇಳಿಯುವುದಾ ಎಂದು ಕೇಳಿದರು. ಬೇಡವೆಂದು ತಲೆಯಾಡಿಸಿದೆ.

"ಉಸಿರು ಬಿಡಿ ಮಾರಾಯ್ರೆ. ಹಿಡ್ಕೊಂಡಿದ್ದೀರಿ."

ನನ್ನ ಮಣಿಕಟ್ಟು ಅವರ ಕೈಯಲ್ಲಿತ್ತು. ಬಸ್ಸು ತಿರುವು ದಾಟಿತು. ಹೊರಗೆ ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತಿದ್ದಳು. ಅಂಚಿನಲ್ಲಿ ಒಂದು ನಾಯಿ ಮಲಗಿತ್ತು. ಅದು ಬರೀ ರಸ್ತೆ…

ಡಾಕ್ಟರು ಸಾವಧಾನವಾಗಿ ಎಲ್ಲ ಕೇಳಿದರು, ಮದ್ದು ಕೊಟ್ಟರು, ಮತ್ತೆ ಮತ್ತೆ ಬಂದು ಮಾತಾಡಲು ಹೇಳಿದರು. ಒಂದೇ ಸಲಕ್ಕೆ ಗುಣವಾಗಲಿಲ್ಲ. ವಾರಗಟ್ಟಲೆ ಚೆನ್ನಾಗಿದ್ದು ಮತ್ತೆ ಕುಸಿದದ್ದೂ ಉಂಟು. ಅಂಥ ದಿನವೂ ಅಂಗಡಿಗೆ ಹೋಗಿ ಸುಮ್ಮನೆ ಕೂರುತ್ತಿದ್ದೆ. ಯಾಕೆ ಹೀಗಾಯಿತೆಂದು ಅವರು ಕೇಳುತ್ತಿರಲಿಲ್ಲ. ಬಸ್ಸಿನ ಮಾಲಕರು ತಾಳ್ಮೆಯಿಂದ ಕಾದು, ಮೊದಲು ಮೈದಾನದಲ್ಲಿ ಖಾಲಿ ಬಸ್ಸು ಓಡಿಸಲು ಕೊಟ್ಟರು. ಮತ್ತೆ ಟ್ರಿಪ್ಪಿಗೆ ಇಳಿದ ಮೊದಲ ದಿನ ಆ ಹಿರಿಯರು ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ತಿರುವು ದಾಟುವವರೆಗೆ ಬಂದರು. ಗಿರಾಕಿಗಳು ಕಾಯುತ್ತಾರೆಂದು ಹೇಳಿ ಮುಂದಿನ ಸ್ಟಾಪಿನಲ್ಲಿ ಇಳಿದು, ಎದುರಿನಿಂದ ಬಂದ ಬಸ್ಸು ಹತ್ತಿದರು.

ಕೆಲವು ವರ್ಷಗಳ ನಂತರ ಅವರು ಹೋದ ಸುದ್ದಿ ನನಗೆ ಸಿಕ್ಕಿದ್ದು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ. ಹೃದಯಾಘಾತವಂತೆ. ಬಸ್ಸು ತುಂಬಿತ್ತು. ಬೇರೆಯವರನ್ನು ಕರೆಸಲೇ ಎಂದು ಕಂಡಕ್ಟರ್ ಕೇಳಿದ. ಬಸ್ಸಿನ ಹಿಂದೆ ಹೋಗಿ ಅತ್ತೆ. ಹೆಂಡತಿಗೆ ಫೋನ್ ಮಾಡಿ ಮಾತಾಡಿದೆ. ಮುಖ ತೊಳೆದು ಬಂದು ಸ್ಟಿಯರಿಂಗಿನ ಮೇಲೆ ಕೈಯಿಟ್ಟು ನೋಡಿದೆ. ನಡುಗಲಿಲ್ಲ. ಅಷ್ಟೂ ಜನರನ್ನು ಅವರವರ ಊರಿನಲ್ಲಿ ಇಳಿಸಿ, ಕಡಬದಲ್ಲಿ ಬಸ್ಸನ್ನು ಬೇರೆಯವರಿಗೆ ಒಪ್ಪಿಸಿ ಅವರ ಮನೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರ ಅಂಗಡಿಯಿದ್ದಲ್ಲಿ ಈಗ ಮೊಬೈಲು ಮಾರುತ್ತಾರೆ. ನನ್ನ ಮಾತ್ರೆಗಳನ್ನು ಡಾಕ್ಟರು ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದ್ದಾರೆ. ಮನಸ್ಸು ಕೆಟ್ಟ ದಿನ ಯಾರಿಗೆ ಹೇಳಬೇಕು, ಎಲ್ಲಿಗೆ ಹೋಗಬೇಕೆಂದು ಈಗ ನನಗೆ ಗೊತ್ತಿದೆ. ಅಂಥ ದಿನಗಳನ್ನು ಹೇಗೋ ದಾಟುತ್ತೇನೆ. ಅವರ ಕೊರತೆ ಕಾಣುವುದು ಒಳ್ಳೆಯ ದಿನಗಳಲ್ಲಿ. ಈಚೆಗೆ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದ ಸುದ್ದಿ ಬಂದಾಗ ಶರ್ಟು ಹಾಕಿಕೊಂಡು ಪೇಟೆಯ ಕಡೆಗೆ ಹೊರಟೇಬಿಟ್ಟಿದ್ದೆ… ಗೇಟಿನ ಹತ್ತಿರ ನೆನಪಾಗಿ ನಿಂತೆ.