ಟ್ಯಾಂಕಿನ ಮೇಲೆ ಕಾವಲು ಕೂತ ಹುಡುಗ

ಕೊರೋನಾ ಕಾಲದಲ್ಲಿ ಮುಚ್ಚಿದ್ದ ಶಾಲೆ ಕಾಲೇಜುಗಳು ಪೂರ್ತಿ ತೆರೆದ ಮರುವರ್ಷದ ಮಾತು ಇದು. ನಾನಾಗ ಜಿಲ್ಲೆಯ ಮಾನಸಿಕ ಆರೋಗ್ಯ ತಂಡದಲ್ಲಿ ಮನೋವೈದ್ಯೆಯಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಮಂಗಳವಾರ ಚನ್ನಗಿರಿ, ಬುಧವಾರ ಹೊನ್ನಾಳಿ, ಗುರುವಾರ ನ್ಯಾಮತಿ, ಶುಕ್ರವಾರ ಜಗಳೂರು. ಒಂದೊಂದು ಊರಿಗೆ ವಾರದಲ್ಲಿ ಒಂದೇ ದಿನ. ಜೀಪಿನಲ್ಲಿ ನಾನು, ಸಮಾಜ ಕಾರ್ಯಕರ್ತೆ ರೇಣುಕಾ, ಮಾತ್ರೆಗಳ ಎರಡು ಡಬ್ಬ. ಹೋದಲ್ಲೆಲ್ಲ ಬೆಂಚು ತುಂಬ ಜನ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಚೀಟಿ ಬರೆದಿರುತ್ತಿದ್ದೆ. ನಲವತ್ತನೆಯವರಿಗೂ ಮೊದಲನೆಯವರಿಗೆ ಕೇಳಿದ ಪ್ರಶ್ನೆಗಳನ್ನೇ ಕೇಳಬೇಕು, ಅದೇ ಗಮನದಿಂದ ಕೇಳಬೇಕು. ಆಗುತ್ತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಈ ಕಥೆಯ ಹುಡುಗನನ್ನು ಕಿರಣ್ ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ಊರು ಸಂತೇಬೆನ್ನೂರಿನ ಆಚೆಗಿನದು ಎಂದರೆ ಸಾಕು. ಅವನನ್ನು ಯಾವ ಊರಿನ ಆಸ್ಪತ್ರೆಯಲ್ಲಿ ನೋಡಿದೆ ಎಂಬುದೂ ಬೇಡ. ತಪ್ಪು ಆಸ್ಪತ್ರೆಯದಾಗಿರಲಿಲ್ಲ, ನನ್ನದಾಗಿತ್ತು.

ಅಪ್ಪ ಬಸವರಾಜಪ್ಪ ಬೀಜ ಗೊಬ್ಬರದ ಅಂಗಡಿಯವರು. ಅಮ್ಮ ಸುಜಾತಾ ಅಂಗನವಾಡಿ ಕಾರ್ಯಕರ್ತೆ. ಕಿರಣನಿಗೆ ಹದಿನಾರು, ಮೊದಲ ಪಿಯುಸಿ, ವಿಜ್ಞಾನ. ಹತ್ತನೇ ತರಗತಿಯವರೆಗೆ ಗಣಿತದಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲವಂತೆ. ಈಗ ಕಾಲೇಜಿಗೆ ಹೋಗಲು ಮನಸ್ಸಿಲ್ಲ, ಸ್ನಾನ ಮಾಡುವುದಿಲ್ಲ, ಹಗಲೆಲ್ಲ ಮಲಗಿರುತ್ತಾನೆ, ಮಾತಾಡಿಸಿದರೆ ಸಿಡುಕುತ್ತಾನೆ ಎಂದು ಕರೆತಂದಿದ್ದರು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಅಪ್ಪ ಅವನ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿದ್ದರು.

"ಏನಾದರೂ ಅಭ್ಯಾಸ ಇದೆಯೇನಪ್ಪ? ಸಿಗರೇಟು, ಕುಡಿತ, ಬೇರೆ ಏನಾದರೂ?" ಎಂದೆ.

ಹುಡುಗ ಅಪ್ಪನ ಕಡೆ ನೋಡಿದ. ಉತ್ತರ ಕೊಟ್ಟದ್ದು ಅಪ್ಪ. "ಅಂಥದ್ದೆಲ್ಲ ಇಲ್ಲ ಮೇಡಂ. ನಮ್ಮ ಹುಡುಗ ಹಂಗಲ್ಲ."

"ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ?"

"ನಮ್ಮ ಮನೇಲಿ ಅಂಥೋರು ಯಾರೂ ಇಲ್ರಿ."

ಓದಿನ ಒತ್ತಡ, ಖಿನ್ನತೆ ಎಂದು ಬರೆದೆ. ಒಂದು ಮಾತ್ರೆ ಕೊಟ್ಟು ತಿಂಗಳು ಬಿಟ್ಟು ಬರಲು ಹೇಳಿದೆ. ಎಲ್ಲ ಸೇರಿ ಏಳು ನಿಮಿಷ ಆಗಿರಬಹುದು. ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು.

ಅವರು ತಿಂಗಳು ಬಿಟ್ಟು ಬರಲಿಲ್ಲ. ಆರನೇ ವಾರದಲ್ಲಿ ಒಂದು ಬೆಳಿಗ್ಗೆ ರೇಣುಕಾಗೆ ಸುಜಾತಾ ಫೋನ್ ಮಾಡಿದರು. ಕಿರಣ್ ಊರಿನ ನೀರಿನ ಟ್ಯಾಂಕ್ ಹತ್ತಿ ಕೂತಿದ್ದನಂತೆ. ಹೇಗೋ ಇಳಿಸಿದ್ದಾರೆ, ಬಾಡಿಗೆ ಕಾರಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಬರುತ್ತಿದ್ದೇವೆ ಎಂದರು. ನಾವು ಅಂದಿನ ಊರಿನ ಕೆಲಸ ಬೇಗ ಮುಗಿಸಿ ಹಿಂದಿರುಗಿದೆವು.

ನಾನು ನೋಡಿದಾಗ ಅವನ ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ಯಾರೂ ಇಲ್ಲದ ಮೂಲೆಗೆ ತಿರುಗಿ ಏನೋ ಕೇಳಿಸಿಕೊಳ್ಳುತ್ತಿದ್ದ. ಎರಡು ದಿನದಿಂದ ಅಮ್ಮ ಕೊಟ್ಟ ಅನ್ನ ಮುಟ್ಟಿರಲಿಲ್ಲ. ನನ್ನನ್ನು ಅವನು ಕೇಳಿದ ಮೊದಲ ಮಾತು, "ಈಗ ನೀರು ಯಾರು ಕಾಯ್ತಾ ಅದಾರೆ ಮೇಡಂ?"

ನನಗೆ ಅರ್ಥವಾಗಲಿಲ್ಲ. ಎರಡು ದಿನ ಬಿಟ್ಟು ಹಾಲೇಶಪ್ಪ ಬಂದ ಮೇಲೆ ಅರ್ಥವಾಯಿತು.

ಹಾಲೇಶಪ್ಪ ಆ ಊರಿನ ನೀರುಗಂಟಿ. ಪಂಚಾಯಿತಿಯ ನೀರು ಬಿಡುವ ಕೆಲಸ ಅವರದು. ಐವತ್ತು ದಾಟಿದ ಸಣಕಲು ಮನುಷ್ಯ. ಹುಡುಗನನ್ನು ನೋಡಲೆಂದು ಬಸ್ಸಿನಲ್ಲಿ ಬಂದಿದ್ದರು. ವಾರ್ಡಿನ ಹೊರಗಿನ ಕಟ್ಟೆಯ ಮೇಲೆ ಕೂತು ಹೇಳಿದರು.

ಬೆಳಿಗ್ಗೆ ಆರಕ್ಕೆ ಅವರು ವಾಲ್ವ್ ತಿರುಗಿಸಲು ಹೋದಾಗ ಮೇಲೆ ಹುಡುಗ ಕಂಡನಂತೆ. ಟ್ಯಾಂಕಿನ ಮುಚ್ಚಳದ ಮೇಲೆ ಕೂತು, ಊರಿನ ನೀರಿಗೆ ವಿಷ ಹಾಕುತ್ತಾರೆ, ನಾನು ಬಿಡುವುದಿಲ್ಲ ಎಂದು ಕೂಗುತ್ತಿದ್ದನಂತೆ. ಕೆಳಗೆ ಜನ ಸೇರಿದರು. ವಿಷ ಎಂಬ ಮಾತೊಂದೇ ಕೆಲವರ ಕಿವಿಗೆ ಬಿತ್ತು. ಇವನೇ ಹಾಕಿದ್ದಾನೆ ಎಂದರು. ಒಬ್ಬಿಬ್ಬರು ಕಲ್ಲು ಹಿಡಿದುಕೊಂಡರು. ಬಸವರಾಜಪ್ಪ ಕೈ ಮುಗಿದು ಬೇಡುತ್ತಿದ್ದರು. ಹುಡುಗನೋ ಜನ ಹೆಚ್ಚಾದಷ್ಟೂ ಅಂಚಿಗೆ ಸರಿಯುತ್ತಿದ್ದ.

"ಇಳಿಯೋ ಅಂದ್ರೆ ಇಳಿಯಾಕಿಲ್ಲ ಅಂತ ಗೊತ್ತಾತು," ಎಂದರು ಹಾಲೇಶಪ್ಪ. "ನಾನೇ ಏಣಿ ಹತ್ತಿದೆ. ಎರಡು ಮೆಟ್ಟಿಲು ಕೆಳಗೇ ನಿಂತೆ. ಕಿರಣಪ್ಪ, ನೀರು ಕಾಯೋದು ನನ್ನ ಕೆಲಸ ಕಣಪ್ಪ, ನೀ ಒಬ್ಬನೇ ಯಾಕೆ ಕಾಯ್ತೀಯ, ಹೋಗಿ ಉಂಡು ಬಾ, ಅಲ್ಲೀಗಂಟ ನಾ ಕೂತಿರ್ತೀನಿ ಅಂದೆ. ಭಾಳ ಹೊತ್ತು ನನ್ನ ಮುಖಾನೇ ನೋಡ್ದ. ಆಮೇಲೆ ನನ್ನ ಮೇಲಕ್ಕೆ ಹತ್ತಿಸ್ಕೊಂಡು ತಾನು ಇಳಿದ."

"ನೀವು?"

"ನಾ ಮೇಲೇ ಕೂತೆ ಮೇಡಂ. ಕಾರು ಹತ್ತುವಾಗ ಅವನು ತಿರುಗಿ ನೋಡ್ದ. ನಾ ಇಳಿದುಬಿಟ್ಟಿದ್ರೆ ಏನಾಗ್ತಿತ್ತೋ. ಕಾರು ಹೋದ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದೆ. ಹೇಳಿದ್ದೆ ಅಲ್ರಿ."

ಮೂವತ್ತು ವರ್ಷ ಈ ಕೆಲಸ ಮಾಡಿದವಳು ನಾನು. ಆ ಏಣಿಯ ಮೇಲೆ ನಾನಿದ್ದಿದ್ದರೆ ಇಷ್ಟು ಸರಿಯಾದ ಮಾತು ಹೊಳೆಯುತ್ತಿತ್ತೇ ಎಂದು ಈಗಲೂ ಅನುಮಾನ. ಅವರನ್ನು ಒಳಗೆ ಕರೆದೊಯ್ದೆ. ನೀರು ಚೆನ್ನಾಗಿದೆ, ತಾನೇ ಕುಡಿದು ಬಂದಿದ್ದೇನೆ ಎಂದು ಅವರು ಕಿರಣನಿಗೆ ಹೇಳಿದರು. ಅವರು ತಂದಿದ್ದ ಬಾಳೆಹಣ್ಣನ್ನು ಅವನು ತಿಂದ.

ಅವನಿಗೆ ಆಗಿದ್ದುದು ಸೈಕೋಸಿಸ್. ಇಲ್ಲದ ದನಿಗಳು ಕೇಳುವುದು, ಇಲ್ಲದ ಸಂಚು ಕಾಣುವುದು, ನಿಜ ಯಾವುದು ಎಂಬ ಹಿಡಿತ ತಪ್ಪುವುದು. ಚಿಕಿತ್ಸೆ ಶುರುವಾಗಿ ಐದು ದಿನಕ್ಕೆ ನಿದ್ದೆ ಬಂತು, ಊಟ ಸೇರಿತು. ಆಗ ಅಪ್ಪ ಅಮ್ಮ ಇಬ್ಬರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಮೊದಲ ದಿನ ಕೇಳಬೇಕಾದ ರೀತಿಯಲ್ಲಿ ಆವತ್ತು ಕೇಳಿದೆ.

"ಸೊಪ್ಪು ಸೇದ್ತಿದ್ದೆ ಮೇಡಂ," ಎಂದ. ಸೊಪ್ಪು ಎಂದರೆ ಗಾಂಜಾ. ಶಾಲೆ ಮುಚ್ಚಿದ್ದಾಗ, ಒಂಬತ್ತನೇ ತರಗತಿಯಲ್ಲಿ, ದೊಡ್ಡ ಹುಡುಗರ ಜೊತೆ ಶುರುವಾಗಿತ್ತು. ಮೊದಲು ವಾರಕ್ಕೊಮ್ಮೆ. ಕಾಲೇಜು ಸೇರಿದ ಮೇಲೆ ದಿನಾ. ನನ್ನ ಹತ್ತಿರ ಮೊದಲ ಸಲ ಬಂದ ದಿನವೂ ಸೇದಿಯೇ ಬಂದಿದ್ದ.

"ಅದು ಗಿಡ ಅಲ್ವಾ ಮೇಡಂ? ಕೆಮಿಕಲ್ ಅಲ್ಲ. ಏನೂ ಆಗಾಕಿಲ್ಲ ಅಂದಿದ್ರು."

ಇದನ್ನು ಅವನಿಗೆ ಹೇಳಿದಷ್ಟು ಸರಳವಾಗಿ ಇಲ್ಲಿಯೂ ಹೇಳುತ್ತೇನೆ. ಮೀಸೆ ಬಂದ ಮಾತ್ರಕ್ಕೆ ಮಿದುಳು ಬೆಳೆದು ಮುಗಿದಿರುವುದಿಲ್ಲ. ಇಪ್ಪತ್ತು ದಾಟಿ ಕೆಲವು ವರ್ಷದವರೆಗೂ ಅದರ ಒಳಗೆ ತಂತಿ ಜೋಡಿಸುವ ಕೆಲಸ ನಡೆದೇ ಇರುತ್ತದೆ. ಯೋಚಿಸಿ ತೀರ್ಮಾನಿಸುವ, ಮನಸ್ಸಿಗೆ ಕಡಿವಾಣ ಹಾಕುವ ಮುಂಭಾಗ ಎಲ್ಲಕ್ಕಿಂತ ಕೊನೆಗೆ ಮಾಗುತ್ತದೆ. ಆ ಜೋಡಣೆಗೆ ನೆರವಾಗಲು ಮಿದುಳು ತಾನೇ ಅಳತೆಯಿಟ್ಟು ಕೆಲವು ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಎಂಬ ಅಂಶ ಅವುಗಳ ಜಾಗದಲ್ಲೇ ಹೋಗಿ ಕೂರುತ್ತದೆ, ಅಳತೆಯಿಲ್ಲದೆ. ಮೊದಲು ಪೆಟ್ಟು ಬೀಳುವುದು ಗಮನಕ್ಕೆ, ನೆನಪಿಗೆ, ಏನಾದರೂ ಮಾಡಬೇಕೆಂಬ ಹುಮ್ಮಸ್ಸಿಗೆ. ನಾನು ಖಿನ್ನತೆ ಎಂದು ಬರೆದಿದ್ದರಲ್ಲಿ ಅದೂ ಇತ್ತು. ಸೇದಿದವರಿಗೆಲ್ಲ ಸೈಕೋಸಿಸ್ ಬರುವುದಿಲ್ಲ. ಎಳೆಯ ವಯಸ್ಸಿನಲ್ಲಿ ಶುರುಮಾಡಿ ದಿನವೂ ಸೇದುವವರಿಗೆ ಅಪಾಯ ಹೆಚ್ಚು. ವಂಶದಲ್ಲಿ ಆ ಕಾಯಿಲೆ ಇದ್ದರೆ ಇನ್ನೂ ಹೆಚ್ಚು.

ವಂಶದ ಮಾತು ತೆಗೆದಾಗ ಬಸವರಾಜಪ್ಪ ಮತ್ತೆ ಇಲ್ಲ ಎಂದರು. ಮಾತ್ರೆ ತರಲು ಅವರು ಕೆಳಗೆ ಹೋದಾಗ ಸುಜಾತಾ ನನ್ನ ಹಿಂದೆಯೇ ವರಾಂಡಕ್ಕೆ ಬಂದರು.

"ಇದ್ರು ಮೇಡಂ. ಇವರ ತಮ್ಮ. ಒಬ್ಬೊಬ್ಬರೇ ಮಾತಾಡ್ಕೊಂತಾ ತಿರುಗ್ತಿದ್ರಂತೆ. ಇಪ್ಪತ್ತೆರಡು ವಯಸ್ಸಿಗೆ ಮನೆ ಬಿಟ್ಟು ಹೋದೋರು ಬರ್ಲೇ ಇಲ್ಲ. ನಾ ಮದುವೆಯಾಗಿ ಬಂದ ಮೇಲೆ ಅವರ ಹೆಸರು ಯಾರೂ ಎತ್ತಿಲ್ಲ. ಕಿರಣನ ಅಕ್ಕನಿಗೆ ಸಂಬಂಧ ನೋಡಬೇಕು, ಹೊರಗೆ ಗೊತ್ತಾದ್ರೆ ಹೆಂಗೆ ಅಂತ ಇವರಿಗೆ ಭಯ."

ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡುವಷ್ಟು ಶಕ್ತಿಯೂ ಆ ಹೊತ್ತಿನಲ್ಲಿ ಇರಲಿಲ್ಲ. ಸಂಜೆ ಬಸವರಾಜಪ್ಪನವರನ್ನು ಕೂರಿಸಿಕೊಂಡು ತಮ್ಮನ ಬಗ್ಗೆ ಕೇಳಿದೆ. ಹೌದು, ಇದ್ದ ಎಂದು ಒಪ್ಪಿಕೊಂಡರು. ಆಮೇಲೆ, "ಇವನೂ ಹಂಗೇ ಹೋಗಿಬಿಡ್ತಾನೇನು ಮೇಡಂ?" ಎಂದರು. ಮೊದಲ ದಿನದಿಂದ ಅವರು ಮಗನ ಮೊಣಕಾಲಿಗೆ ಅಂಟಿ ಕೂತಿದ್ದು ಯಾಕೆಂದು ಆಗ ತಿಳಿಯಿತು.

ಮೂರು ವಾರಕ್ಕೆ ಕಿರಣ್ ಮನೆಗೆ ಹೋದ. ದನಿಗಳು ನಿಂತಿದ್ದವು. ಇಲ್ಲಿಗೆ ಮುಗಿದಿದ್ದರೆ ಹೇಳಿಕೊಳ್ಳಲು ಒಳ್ಳೆಯ ಕಥೆಯಾಗುತ್ತಿತ್ತು. ಐದು ತಿಂಗಳು ಚೆನ್ನಾಗಿದ್ದ. ಮಾತ್ರೆಯಿಂದ ಹುಡುಗ ಮಂಕಾಗಿದ್ದಾನೆ ಎಂದು ನೆಂಟರು ಯಾರೋ ಹೇಳಿದರು. ಮಾತ್ರೆ ನಿಲ್ಲಿಸಿದರು. ಹಳೆಯ ಸ್ನೇಹಿತರಿಂದ ದೂರ ಇರಲಿ ಎಂದು ಜಗಳೂರಿನ ಅತ್ತೆಯ ಮನೆಗೆ ಕಳಿಸಿದರು. ಅಲ್ಲಿ ಹೊಸ ಸ್ನೇಹಿತರು ಸಿಕ್ಕರು. ಒಂದು ಶುಕ್ರವಾರ ಜಗಳೂರಿನ ಬೆಂಚಿನ ಮೇಲೆ, ಅತ್ತೆಯ ಪಕ್ಕದಲ್ಲಿ, ಅವನು ಮತ್ತೆ ಮೂಲೆಗೆ ಕಿವಿಗೊಟ್ಟು ಕೂತಿದ್ದ.

"ಎರಡೇ ಸಲ ಸೇದಿದ್ದು ಮೇಡಂ," ಎಂದ. ಹೆಚ್ಚೇ ಇದ್ದಿರಬಹುದು. ನಾನು ಕೆದಕಲಿಲ್ಲ.

ಎರಡನೇ ಸಲ ಗುಣವಾಗಲು ನಾಲ್ಕು ತಿಂಗಳು ಬೇಕಾಯಿತು. ಈ ಸಲ ಮಾತ್ರೆಯ ಜವಾಬ್ದಾರಿಯನ್ನು ಬಸವರಾಜಪ್ಪ ತಾವೇ ತೆಗೆದುಕೊಂಡರು. ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಮಗನಿಗೆ ಮಾತ್ರೆ, ನೀರು. ಅವರು ಒಂದು ದಿನವೂ ತಪ್ಪಿಸಲಿಲ್ಲ. ಕಿರಣ್ ಮತ್ತೆ ಸೇದಲಿಲ್ಲ. ಆದರೆ ಪಿಯುಸಿ ಕೈತಪ್ಪಿತು. ಲೆಕ್ಕದ ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೊದಲನೇ ಸಾಲು ಮರೆತು ಹೋಗುತ್ತದೆ ಎನ್ನುತ್ತಿದ್ದ. ಹೊನ್ನಾಳಿಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿದ. ಒಂದು ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಕಟ್ಟಿದ.

ಈ ನಡುವೆ ಎರಡು ಮೂರು ಕಾಲೇಜಿನವರು ಗಾಂಜಾ ಕುರಿತು ಭಾಷಣ ಮಾಡಲು ಕರೆದರು. ಬ್ಯಾನರಿನ ಮುಂದೆ ನಿಂತು ಮಾತಾಡಿದೆ. ಹಿಂದಿನ ಸಾಲಿನವರು ನಗುತ್ತಿದ್ದರು. ಅವರಲ್ಲಿ ಯಾರಿಗೆ ನನ್ನ ಮಾತು ಬೇಕಾಗಿತ್ತೋ ಅವರೇ ಹೆಚ್ಚು ನಗುತ್ತಿದ್ದಿರಬೇಕು. ಆ ದಿನಗಳಲ್ಲಿ ಮನೆಗೆ ಬಂದು ಚಪ್ಪಲಿ ಬಿಚ್ಚದೆ ಹಾಗೇ ಕೂತುಬಿಡುತ್ತಿದ್ದೆ.

ನಿವೃತ್ತಿಯ ಕೊನೆಯ ತಿಂಗಳಲ್ಲಿ ಕಿರಣ್ ಒಬ್ಬನೇ ಬಂದ. ಹತ್ತೊಂಬತ್ತು ತುಂಬಿತ್ತು. ಮಾತ್ರೆಯ ಚೀಟಿ ಬರೆಯುತ್ತಿದ್ದಾಗ ಕೇಳಿದ, "ನನ್ನ ತಲೆ ಮೊದಲಿನಂಗೆ ಆಗ್ತೈತಾ ಮೇಡಂ?"

ಆಗುತ್ತದೆ ಎನ್ನಬಹುದಿತ್ತು. "ಇನ್ನೂ ಸುಧಾರಿಸುತ್ತೆ ಕಿರಣ್. ಬಿಟ್ಟಿರೋದರಿಂದ ಸುಧಾರಿಸ್ತಾನೇ ಇದೆ. ಪೂರ್ತಿ ಮೊದಲಿನ ಹಾಗೆ ಆಗುತ್ತಾ ಅಂದರೆ, ಗೊತ್ತಿಲ್ಲಪ್ಪ," ಎಂದೆ.

ಅವನು ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. "ಸರಿ ಮೇಡಂ. ಮನೆಯೋರೆಲ್ಲ ಆಗ್ತೈತೆ ಆಗ್ತೈತೆ ಅಂತಾರೆ. ಕೇಳಿ ಕೇಳಿ ಸಾಕಾಗಿತ್ತು," ಎಂದು ಹೊರಟ.

ಮೊದಲ ದಿನ ಅಪ್ಪನನ್ನು ಹತ್ತು ನಿಮಿಷ ಹೊರಗೆ ಕೂರಿಸಿದ್ದರೆ ಆ ಆರು ವಾರ ಉಳಿಯುತ್ತಿತ್ತೇ? ಉಳಿದಿದ್ದರೆ ಅವನ ಗಣಿತ ಉಳಿಯುತ್ತಿತ್ತೇ? ಅದೂ ಗೊತ್ತಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟೇ: ಎಳೆಯರನ್ನು ಒಬ್ಬರೇ ಇರುವಾಗ ಕೇಳಬೇಕು, ಹೊರಗೆ ಎಷ್ಟೇ ಜನ ಕಾಯುತ್ತಿರಲಿ. ಇದು ಓದುವಾಗಲೇ ನಮಗೆ ಹೇಳಿಕೊಟ್ಟಿದ್ದ ವಿಷಯ. ಅದನ್ನು ಕಲಿಯಲು ನನಗೆ ಒಬ್ಬ ಹುಡುಗನ ಎರಡು ವರ್ಷ ಬೇಕಾಯಿತು.

ಅವನ ನಂತರದ ಚೀಟಿ ಹದಿನೈದರ ಹುಡುಗಿಯದು. ತಲೆನೋವು ಎಂದು ಬರೆದಿತ್ತು. ಜೊತೆಗೆ ಅಮ್ಮ ಬಂದಿದ್ದರು.

"ನೀವು ಸ್ವಲ್ಪ ಹೊರಗೆ ಕೂತಿರಿ ಅಮ್ಮ."

"ಇರ್ಲಿ ಬಿಡ್ರಿ ಮೇಡಂ, ನನ್ನ ಹತ್ರ ಮುಚ್ಚಿಡೋದು ಏನೂ ಇಲ್ಲ ಅವಳಿಗೆ."

"ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೂ ಕೂತಿರಿ."

ಅವರು ಒಲ್ಲದ ಮನಸ್ಸಿನಿಂದ ಎದ್ದು ಹೋದರು. ಹುಡುಗಿ ಬಾಗಿಲು ಪೂರ್ತಿ ಮುಚ್ಚಿದೆಯೇ ಎಂದು ತಿರುಗಿ ನೋಡಿದಳು. ನಾನು ಪೆನ್ನು ಕೆಳಗಿಟ್ಟೆ.